ಸ್ಟೆಡಿ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಗುರಿ ಸಿಗಬೇಕಾದರೆ ಕೈ ಅಲುಗಬಾರದು, ‘ಸ್ಟೆಡಿ’ ಇರಬೇಕು. ಹಳೆಯ ಇಂಗ್ಲಿಷಿನಲ್ಲಿ ‘ಸ್ಟೆಡೆ’ ಎಂದರೆ ಜಾಗ; ಇದ್ದ ಜಾಗದಿಂದ ಕದಲದ್ದು ‘ಸ್ಟೆಡಿ’. ಸಂಸ್ಕೃತದ ‘ಸ್ಥಾ’ ಧಾತುವಿನದೂ ಇದೇ ಮೂಲ. ಹಾಗಾಗಿ ಸ್ಥಾನ, ಸ್ಥಿರ ಎರಡೂ ‘ಸ್ಟೆಡಿ’ಯ ದೂರದ ನೆಂಟರು.

ನನಗೆ ಹೆಚ್ಚು ಪ್ರಿಯವಾದದ್ದು ನಮ್ಮದೇ ‘ನೆಲೆ’. ‘ನಿಲ್’ ಎಂಬ ದ್ರಾವಿಡ ಬೇರಿನ ಈ ಪದ ಜಾಗವನ್ನೂ ಹೇಳುತ್ತದೆ, ಕದಲದಿರುವುದನ್ನೂ ಹೇಳುತ್ತದೆ. ಊರಲ್ಲಿ ನೆಲೆಸುತ್ತೇವೆ, ಕಸುಬಿನಲ್ಲಿ ನೆಲೆಯೂರುತ್ತೇವೆ. ಭಾಷಾಕುಲವೇ ಬೇರೆ, ಯೋಚನೆಯ ದಾರಿ ಒಂದೇ! ಇಂಥ ಬೇರುಗಳನ್ನು ಭಾಷಾಶಾಸ್ತ್ರಜ್ಞರಾದ ಬರೋ ಮತ್ತು ಎಮೆನೊ 1961ರಲ್ಲಿ ದ್ರಾವಿಡ ನಿಘಂಟಿಗೆ ತಂದರು. ಕೊಡಗಿನ ನುಡಿಯಾದ ಕೊಡವ ತಕ್ಕನ್ನು ಎಮೆನೊ ಅದನ್ನಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದರು.