ಚೀಲ ಹೊತ್ತವನ ಹೊತ್ತು ಬರೆದವರು ಯಾರು?

ಅಂಚೆ ಕಚೇರಿಯಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಮೇಜಿನ ಮುಂದೆ ಕೂತು ಲೆಕ್ಕ ಬರೆಯುವವರು ಒಂದು ಕಡೆ, ಚೀಲ ಹೊತ್ತು ಊರೂರು ತಿರುಗುವವರು ಇನ್ನೊಂದು ಕಡೆ. ಇವರ ನಡುವೆ ಮಾತಿಗೆ ಮಾತು ಬೆಳೆಯುವುದನ್ನು ನೀವೂ ಎಂದಾದರೂ ಕೇಳಿರುತ್ತೀರಿ. "ಇಷ್ಟು ಹೊತ್ತು ಎಲ್ಲಿದ್ದೆ?" ಅಂತ ಒಳಗಿನವರು. "ಬಸ್ಸೇ ಬರಲಿಲ್ಲ ಸಾರ್, ನಾನೇನು ಮಾಡಲಿ?" ಅಂತ ಹೊರಗಿನವರು.

ಕೇಳಿದವರಿಗೆ ಇದು ಇಬ್ಬರ ಸ್ವಭಾವದ ಜಗಳ ಅನ್ನಿಸುತ್ತದೆ. ಆದರೆ ಅಂಚೆಯ ಇತಿಹಾಸ ನೋಡಿದರೆ ಬೇರೆಯೇ ಕಾಣುತ್ತದೆ. ದಾರಿಯಲ್ಲಿ ಏನಾಯಿತು ಎಂದು ಬಲ್ಲವನು ಒಬ್ಬ, ಅದನ್ನು ಪುಸ್ತಕದಲ್ಲಿ ಬರೆಯುವವನು ಇನ್ನೊಬ್ಬ. ಎಡವಟ್ಟಾದಾಗ ನಡೆಯುವುದು ಪುಸ್ತಕದ ಮಾತೇ. ಜಗಳದ ಬೇರು ಅಲ್ಲಿದೆ.

ಹರಿಕಾರ ಎಂದರೆ ಓಡುವವನು

ಮೈಸೂರು ಸೀಮೆಯಲ್ಲಿ ವ್ಯವಸ್ಥಿತ ಅಂಚೆ ಶುರುವಾದದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಕಾಗದ ಸಾಗಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು.

ಚೀಲ ಹೊತ್ತು ಓಡುವವನಿಗೆ ಹರಿಕಾರ ಎಂಬ ಹೆಸರಿತ್ತು. ಪಾರಸಿಯ 'ಹರ್ಕಾರಾ'ದಿಂದ ಬಂದ ಮಾತು ಅದು. ಇವತ್ತು ನಾವು ದೊಡ್ಡ ಕೆಲಸಕ್ಕೆ ನಾಂದಿ ಹಾಡಿದವರನ್ನು 'ಹರಿಕಾರ' ಎಂದು ಹೊಗಳುತ್ತೇವೆ. ಮೂಲದ ಹರಿಕಾರನಿಗೆ ಸಿಗುತ್ತಿದ್ದದ್ದು ಕೆಲವೇ ರೂಪಾಯಿ ಸಂಬಳ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಅಥವಾ ಭರ್ಜಿ, ಹೆಗಲ ಮೇಲೆ ಚೀಲ. ಕಾಡಿನಲ್ಲಿ ಹುಲಿ, ದಾರಿಯಲ್ಲಿ ಕಳ್ಳರು, ಮಳೆಗಾಲದಲ್ಲಿ ತುಂಬಿದ ಹೊಳೆ. ಕೆಲವು ಮೈಲಿ ಓಡಿ ಮುಂದಿನವನಿಗೆ ಚೀಲ ದಾಟಿಸಬೇಕು.

ಬ್ರಿಟಿಷರ ಅಂಚೆಯಲ್ಲಿ ಚೀಲದ ಜೊತೆಗೆ ಹೊತ್ತಿನ ಚೀಟಿಯೂ ಓಡುತ್ತಿತ್ತು. ಚೀಲ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಅದರಲ್ಲಿ ಬರೆಯಬೇಕು. ಹೊಳೆ ತುಂಬಿದ್ದು ಓಡಿದವನಿಗೆ ಗೊತ್ತು. ಚೀಟಿ ಓದುವ ಅಧಿಕಾರಿಗೆ ಕಾಣುವುದು ತಡವಾದದ್ದು ಮಾತ್ರ.

ಕೆಲಸ ಬಿಟ್ಟರೆ ಜೈಲು

ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. 1898ರಲ್ಲಿ ಭಾರತೀಯ ಅಂಚೆ ಕಚೇರಿ ಕಾಯಿದೆ ಬಂತು. ಚೀಲ ಸಾಗಿಸುವವರಿಗೆ ಮತ್ತು ಕಾಗದ ಹಂಚುವವರಿಗೆಂದೇ ಅದರಲ್ಲಿ ಮೂರು ಕಲಮುಗಳಿದ್ದವು.

49ನೇ ಕಲಮಿನ ಪ್ರಕಾರ ದಾರಿಯಲ್ಲಿ ಸುಮ್ಮನೆ ಹೊತ್ತು ಕಳೆದರೆ ಅಥವಾ ತಡಮಾಡಿದರೆ 50 ರೂಪಾಯಿವರೆಗೆ ದಂಡ. 51ನೇ ಕಲಮಿನ ಪ್ರಕಾರ, ಹೋಗದ ಊರಿಗೆ ಹೋದೆ, ಕೊಡದ ಕಾಗದ ಕೊಟ್ಟೆ ಎಂದು ನಂಬಿಸಲು ಸುಳ್ಳು ಬರೆದರೆ 6 ತಿಂಗಳವರೆಗೆ ಜೈಲು. ಇದಕ್ಕೆ ಯಾರೂ ತಕರಾರು ಮಾಡಲಾರರು.

ನಡುವಿನ 50ನೇ ಕಲಮನ್ನು ನೋಡಿ. ಅನುಮತಿ ಇಲ್ಲದೆ, ಒಂದು ತಿಂಗಳು ಮೊದಲೇ ಬರೆದು ತಿಳಿಸದೆ ಕೆಲಸ ಬಿಟ್ಟರೆ ಒಂದು ತಿಂಗಳವರೆಗೆ ಜೈಲು, ಇಲ್ಲವೇ 50 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಓದು ಬರಹ ಬಾರದ ಹರಿಕಾರನೂ ಬರಹದಲ್ಲಿ ನೋಟೀಸು ಕೊಡಬೇಕಿತ್ತು!

ಒಳಗೆ ಕೂತವರಿಗೆ ಕಾನೂನು ಇರಲಿಲ್ಲ ಎಂದಲ್ಲ. ಕಳ್ಳತನ, ಸುಳ್ಳು ದಾಖಲೆ, ಮೋಸ ಮಾಡಿದರೆ ಅವರಿಗೂ ಜೈಲು. ಆದರೆ ತಡವಾಗುವುದನ್ನೂ ಕೆಲಸ ಬಿಡುವುದನ್ನೂ ಅಪರಾಧ ಮಾಡಿದ ಈ ಕಲಮುಗಳು ಹೊರಗೆ ಓಡಾಡುವವರ ಮೇಲೆ ಮಾತ್ರ. ಈ ಕಾಯಿದೆ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. 2023ರ ಹೊಸ ಅಂಚೆ ಕಾಯಿದೆ 2024ರ ಜೂನ್ 18ರಂದು ಜಾರಿಯಾದಾಗಲೇ ಅದು ಪೂರ್ತಿ ಹೋದದ್ದು.

ಒಳಗಿನವರ ಕಷ್ಟ

ಹಾಗಂತ ಗುಮಾಸ್ತರೇ ಖಳರು ಎಂದು ತೀರ್ಮಾನಿಸಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅವರ ಕೊರಳಿಗೂ ಹಗ್ಗವಿದೆ. ಮನಿಯಾರ್ಡರು, ಉಳಿತಾಯ ಖಾತೆ, ಪಿಂಚಣಿ ಎಲ್ಲದರ ಲೆಕ್ಕ ಅವತ್ತೇ ಸರಿಹೋಗಬೇಕು. ಅವರ ತಪ್ಪಿನಿಂದ ಇಲಾಖೆಗೆ ನಷ್ಟವಾದರೆ ಸಂಬಳದಿಂದ ಹಿಡಿಯಬಹುದು ಎಂದು ನಿಯಮವೇ ಹೇಳುತ್ತದೆ. ಹೊರಡುವ ಬಸ್ಸಿಗೋ ರೈಲಿಗೋ ಚೀಲ ಮುಟ್ಟಿಸಬೇಕು. ಹಳ್ಳಿಯ ಚೀಲ ಅರ್ಧ ಗಂಟೆ ತಡವಾದರೆ ಅವರ ದಿನವೇ ಕೆಡುತ್ತದೆ. ಮೇಲಿನವರು ಕೇಳುವುದು ಅವರನ್ನು, ಅವರು ಕೇಳುವುದು ಚೀಲ ತಂದವನನ್ನು. ನಿಯಮ ಮಾಡಿದವರು ಇಬ್ಬರಿಗೂ ಕಾಣದ ದೂರದಲ್ಲಿದ್ದರು.

ಇದನ್ನು ಕೆಲಸಗಾರರು ಒಮ್ಮೆಯಾದರೂ ಕಂಡುಕೊಂಡರು. ಗುಮಾಸ್ತರ ಸಂಘ ಬೇರೆ, ಪೋಸ್ಟ್‌ಮ್ಯಾನ್‌ಗಳ ಮತ್ತು ಕೆಳದರ್ಜೆ ನೌಕರರ ಸಂಘ ಬೇರೆ ಇದ್ದ ಕಾಲ. ಯುದ್ಧ ಮುಗಿದು ಬೆಲೆ ಏರಿತ್ತು. 1946ರ ಜುಲೈ 11ರಂದು ಮೊದಲು ಮುಷ್ಕರ ಹೂಡಿದವರು ಪೋಸ್ಟ್‌ಮ್ಯಾನ್‌ಗಳು ಮತ್ತು ಕೆಳದರ್ಜೆಯವರು. ಆಮೇಲೆ ಗುಮಾಸ್ತರೂ ತಂತಿ ನೌಕರರೂ ಸೇರಿಕೊಂಡರು. ಜುಲೈ 29ರಂದು ಇವರ ಬೆಂಬಲಕ್ಕೆ ಕಲ್ಕತ್ತಾ ನಗರವೇ ಬಂದ್ ಆಯಿತು. ನಡೆಯುವವರೂ ಬರೆಯುವವರೂ ಒಟ್ಟಿಗೆ ಹೊರಬಂದಾಗ ಸರ್ಕಾರ ಕಿವಿಗೊಡಬೇಕಾಯಿತು.

ಇಲಾಖೆಯೊಳಗಿದ್ದೂ ಹೊರಗೆ

ಹಳ್ಳಿಯ ಅಂಚೆಯಲ್ಲಿ ಇನ್ನೂ ಒಂದು ಗೆರೆ ಇತ್ತು. ಪೂರ್ಣಾವಧಿ ನೌಕರರನ್ನು ಇಡುವಷ್ಟು ಕೆಲಸವಿಲ್ಲ ಎಂದು ಶಾಲೆ ಮೇಷ್ಟ್ರಿಗೋ ಅಂಗಡಿಯವರಿಗೋ ಶಾಖೆ ವಹಿಸುತ್ತಿದ್ದರು. ಚೀಲ ತರುವವರೂ ಕಾಗದ ಹಂಚುವವರೂ ಅದೇ ಬಗೆ. ಇವರನ್ನು ಕರೆಯುತ್ತಿದ್ದದ್ದು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್'. ಹೆಸರೇ ಹೇಳುತ್ತದೆ, ಇವರು ಇಲಾಖೆಯ ಹೊರಗಿನವರು.

ಹೀಗೆ ಕೆಲಸ ಮಾಡುತ್ತಿದ್ದವರನ್ನು ತೆಗೆದುಹಾಕಿದ ಪ್ರಕರಣಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಕೋರ್ಟು ಹೇಳಿತು: ಇವರು ಹೊಂದಿರುವುದೂ ಸರ್ಕಾರಿ ಹುದ್ದೆಯೇ, ಹೀಗಾಗಿ ಸಂವಿಧಾನದ 311ನೇ ವಿಧಿಯ ರಕ್ಷಣೆ ಇವರಿಗೂ ಉಂಟು. ಅಂದರೆ ಆರೋಪ ಏನೆಂದು ತಿಳಿಸದೆ, ಉತ್ತರ ಕೊಡಲು ಅವಕಾಶ ಕೊಡದೆ ತೆಗೆಯುವಂತಿಲ್ಲ. ಅಲ್ಲಿಯವರೆಗೆ ಮೇಲಿನವರು ಬರೆದದ್ದೇ ಕೊನೆಯ ಮಾತು. ಅಲ್ಲಿಂದ ಚೀಲ ಹೊತ್ತವನ ಮಾತೂ ಕಡತ ಸೇರಬೇಕಾಯಿತು.

ಸಂಬಳದ ಗೆರೆ ಮಾತ್ರ ಅಳಿಸಲಿಲ್ಲ. ಮುಂದೆ 'ಗ್ರಾಮೀಣ ಡಾಕ್ ಸೇವಕ' ಎಂಬ ಹೊಸ ಹೆಸರು ಬಂತು. ದಿನಕ್ಕೆ ಎಷ್ಟು ಗಂಟೆ ಕೆಲಸ ಎಂದು ಮೇಲಿನವರು ಅಳೆದು ಭತ್ಯೆ ಕೊಡುವ ಪದ್ಧತಿ ಹಾಗೇ ಇತ್ತು. ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟರೂ ಜಾರಿ ತಡವಾಯಿತು. 2018ರ ಮೇ 22ರಿಂದ ಡಾಕ್ ಸೇವಕರು ಮುಷ್ಕರಕ್ಕೆ ಕೂತರು, ಎಷ್ಟೋ ಹಳ್ಳಿಗಳ ಶಾಖೆಗಳು ಬಾಗಿಲು ಹಾಕಿದವು. ಜೂನ್ 6ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 4 ಗಂಟೆಯ ಕೆಲಸಕ್ಕೆ ಶಾಖಾ ಪೋಸ್ಟ್‌ಮಾಸ್ಟರಿಗೆ ಕನಿಷ್ಠ 12,000, ಡಾಕ್ ಸೇವಕರಿಗೆ 10,000 ರೂಪಾಯಿ ಎಂದಾಯಿತು. ಗಮನಿಸಿ, ಗಂಟೆ ಒಂದೇ ಆದರೂ ಬರೆಯುವ ಕೈಗೂ ನಡೆಯುವ ಕಾಲಿಗೂ 2,000 ರೂಪಾಯಿ ವ್ಯತ್ಯಾಸ.

ಈಗ ಬರೆಯುವವನು ಕಾಣುವುದೇ ಇಲ್ಲ

ಇವತ್ತು ನಮ್ಮೂರ ಹುಡುಗರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಬೈಕಿನ ಮೇಲೆ ಊಟ, ಪಾರ್ಸೆಲ್ ಹಂಚುತ್ತಿದ್ದಾರೆ. ಹರಿಕಾರನ ಕೆಲಸವೇ ಅದು. ಹೊತ್ತಿನ ಚೀಟಿ ಈಗ ಆ್ಯಪ್ ಆಗಿದೆ. ಹೊರಟದ್ದು, ನಿಂತದ್ದು, ತಲುಪಿದ್ದು ಎಲ್ಲ ತಾನೇ ದಾಖಲಾಗುತ್ತದೆ. ರಸ್ತೆ ಅಗೆದಿತ್ತು, ಲಿಫ್ಟ್ ಕೆಟ್ಟಿತ್ತು, ಗಿರಾಕಿ ಫೋನ್ ಎತ್ತಲಿಲ್ಲ ಎಂಬುದಕ್ಕೆ ಅದರಲ್ಲಿ ಜಾಗ ಕಡಿಮೆ. ಹಿಂದಿನ ಹರಿಕಾರ ಕಚೇರಿಗೆ ಹೋಗಿ ಗುಮಾಸ್ತರ ಜೊತೆ ಜಗಳವನ್ನಾದರೂ ಆಡಬಹುದಿತ್ತು. ಈಗ ಒಂದು ಬೆಳಿಗ್ಗೆ ಐಡಿ ಬಂದ್ ಆಗಿರುತ್ತದೆ, ಯಾರನ್ನು ಕೇಳಬೇಕೋ ಗೊತ್ತಾಗುವುದಿಲ್ಲ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿದ್ದು ಇದಕ್ಕೇ. ಆ್ಯಪ್ ಹೇಗೆ ನಿಗಾ ಇಡುತ್ತದೆ, ಹೇಗೆ ತೀರ್ಮಾನಿಸುತ್ತದೆ ಎಂದು ಕಂಪನಿ ಕೆಲಸಗಾರರಿಗೆ ತಿಳಿಸಬೇಕು. ದೂರು ಕೇಳುವ ವ್ಯವಸ್ಥೆ ಇರಬೇಕು. ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮೊದಲು, ಕಾರಣವನ್ನು ಬರಹದಲ್ಲಿ ಕೊಟ್ಟು ನೋಟೀಸು ನೀಡಬೇಕು.

1898ರಲ್ಲಿ ಬರಹದ ನೋಟೀಸು ಕೊಡಬೇಕಾದವನು ಓಡುವವನು. ಈಗ ಅದನ್ನು ಕೊಡಬೇಕಾದವರು ಓಡಿಸುವವರು. ಈ ತಿರುವಿಗೆ 127 ವರ್ಷ ಬೇಕಾಯಿತು. ನಿಮ್ಮ ಮನೆಯ ಹುಡುಗ ಈ ಕೆಲಸದಲ್ಲಿದ್ದರೆ ಇಷ್ಟು ಹೇಳಿ: ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊ, ತಡವಾದಾಗ ಕಾರಣವನ್ನು ನೀನೂ ಬರೆದಿಟ್ಟುಕೊ, ತೆಗೆದರೆ ಕಾರಣವನ್ನು ಬರಹದಲ್ಲೇ ಕೇಳು.