ವಾರಕ್ಕೆರಡು ಡಯಾಲಿಸಿಸ್ ಮತ್ತು ವ್ಯಾಂಕೋಮೈಸಿನ್ ಮಟ್ಟ: ಒಂದು ಸಂಶೋಧನಾ ಟಿಪ್ಪಣಿ

ಬೆಂಗಳೂರಿನ ಜೀವನ್ ಬಿಮಾ ನಗರದಿಂದ ಹಳೆ ವಿಮಾನ ನಿಲ್ದಾಣ ರಸ್ತೆಯ ಮಣಿಪಾಲ್ ಆಸ್ಪತ್ರೆ, ಇಂದಿರಾನಗರದ ಇಎಸ್‌ಐ ಆಸ್ಪತ್ರೆ, ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಮೂರೂ ಹತ್ತಿರ. ಪಿಂಚಣಿದಾರರು, ಇಎಸ್‌ಐ ಕಾರ್ಡಿನವರು, ಬಿಪಿಎಲ್ ಕಾರ್ಡಿನವರು ಎಲ್ಲರೂ ಇರುವ ಬಡಾವಣೆ ಇದು. ಕಿಡ್ನಿ ಕೈಕೊಟ್ಟವರಿಗೆ ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಗಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಆಸ್ಪತ್ರೆ ಹೀಗೆ ಹತ್ತಿರವಿದ್ದರೂ ನಮ್ಮ ದೇಶದಲ್ಲಿ ಬಹಳಷ್ಟು ಜನರಿಗೆ ಆಗುವುದು ಎರಡೇ ಸಲ. ಖರ್ಚು, ಓಡಾಟ, ಜೊತೆಗೆ ಬರುವವರ ಕೆಲಸ, ಶಿಫ್ಟಿನಲ್ಲಿ ಖಾಲಿ ಇಲ್ಲದ ಮಂಚ ಎಲ್ಲವೂ ಅದಕ್ಕೆ ಕಾರಣ. ಇಂಥ ರೋಗಿಗೆ ಸೋಂಕು ತಗುಲಿದಾಗ, ರಕ್ತದಲ್ಲಿ ಆ್ಯಂಟಿಬಯಾಟಿಕ್ ಎಷ್ಟಿದೆ ಎಂದು ಲ್ಯಾಬು ಕೊಡುವ ಅಂಕಿಯನ್ನು ಹೇಗೆ ಓದಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಸೋಂಕು ಹೆಚ್ಚಾಗಿ ಬರುವುದು ಕುತ್ತಿಗೆಯ ಕ್ಯಾಥೆಟರಿನಿಂದ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸುವ ಶಸ್ತ್ರಕ್ರಿಯೆ) ಮಾಡಿಸಿಕೊಳ್ಳುವ ಮೊದಲೇ ತುರ್ತಾಗಿ ಡಯಾಲಿಸಿಸ್ ಶುರುವಾದವರಿಗೆ ಕುತ್ತಿಗೆಯ ರಕ್ತನಾಳಕ್ಕೆ ಹಾಕುವ ಪೈಪು ಅದು. ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಗೆ ರೋಗಿ ಗಡಗಡ ನಡುಗತೊಡಗಿದರೆ ಟೆಕ್ನಿಷಿಯನ್ನಿನ ಕಣ್ಣು ಮೊದಲು ಹೋಗುವುದು ಆ ಪೈಪಿನ ಕಡೆಗೆ. ರಕ್ತವನ್ನು ಕಲ್ಚರಿಗೆ ಕಳಿಸಿ, ವರದಿ ಬರುವವರೆಗೆ ಕೊಡುವ ಔಷಧಿಗಳಲ್ಲಿ ವ್ಯಾಂಕೋಮೈಸಿನ್ ಮುಖ್ಯವಾದದ್ದು. ಬೋರ್ನಿಯೊದ ಮಣ್ಣಿನ ಸೂಕ್ಷ್ಮಜೀವಿಯಿಂದ ಎಲಿ ಲಿಲಿ ಕಂಪನಿ ಬೇರ್ಪಡಿಸಿದ ಈ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1958ರಲ್ಲಿ.

ವ್ಯಾಂಕೋಮೈಸಿನ್ ಅಣುವಿನ ತೂಕ ಸುಮಾರು 1,450 ಡಾಲ್ಟನ್. ರಕ್ತ ಸೋಸುವ ಡಯಲೈಸರಿನ ಹಳೆಯ ಕಾಲದ ಪೊರೆ ಅದನ್ನು ಹೆಚ್ಚುಕಡಿಮೆ ಬಿಡುತ್ತಲೇ ಇರಲಿಲ್ಲ. ವಾರಕ್ಕೆ ಒಂದು ಗ್ರಾಂ ಕೊಟ್ಟರೆ ಸಾಕು ಎಂಬ ರೂಢಿ ಹುಟ್ಟಿದ್ದು ಆಗ. ರಂಧ್ರಗಳು ದೊಡ್ಡದಾಗಿರುವ ಇಂದಿನ ಹೈಫ್ಲಕ್ಸ್ ಪೊರೆ ನಾಲ್ಕು ಗಂಟೆಯಲ್ಲಿ ರಕ್ತದ ಮಟ್ಟವನ್ನು ಮೂರನೆಯ ಒಂದು ಪಾಲಿನಷ್ಟು ಇಳಿಸಬಲ್ಲದು. ಆಮೇಲಿನ ಕೆಲವು ಗಂಟೆಗಳಲ್ಲಿ ಅಂಗಾಂಶದಲ್ಲಿದ್ದ ಔಷಧಿ ರಕ್ತಕ್ಕೆ ಮರಳಿ, ಇಳಿದದ್ದು ಸ್ವಲ್ಪ ಏರುತ್ತದೆ. ಡಯಾಲಿಸಿಸ್ ಮುಗಿದ ಕೂಡಲೇ ರಕ್ತ ತೆಗೆದು ಮಟ್ಟ ನೋಡುವುದು ವ್ಯರ್ಥ ಎನ್ನುವುದು ಇದಕ್ಕೇ. ನೋಡಬೇಕಾದದ್ದು ಮುಂದಿನ ಡಯಾಲಿಸಿಸ್ ಶುರುವಾಗುವ ಮುನ್ನ.

2020ರಲ್ಲಿ ಪರಿಷ್ಕೃತವಾದ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಡಯಾಲಿಸಿಸ್‌ಗೆ ಮುಂಚಿನ ಮಟ್ಟ ಲೀಟರಿಗೆ 15ರಿಂದ 20 ಮಿಲಿಗ್ರಾಂ ಇರಬೇಕು. ಹೈಫ್ಲಕ್ಸ್ ಪೊರೆ ಬಳಸುವಲ್ಲಿ ಡಯಾಲಿಸಿಸ್ ಮುಗಿದ ಮೇಲೆ ಕೊಡುವುದಾದರೆ ಮೊದಲ ಡೋಸ್ ಕಿಲೋಗೆ 25 ಮಿಲಿಗ್ರಾಂ. ಡಯಾಲಿಸಿಸ್ ನಡೆಯುತ್ತಿರುವಾಗಲೇ ಕೊಡುವುದಾದರೆ 35. ಯಂತ್ರ ಒಂದಿಷ್ಟನ್ನು ಹೊರಗೆ ಸಾಗಿಸುವುದರಿಂದ ಈ ಹೆಚ್ಚಳ. ಒಂದು ಗ್ರಾಂ ವ್ಯಾಂಕೋಮೈಸಿನ್ ಹನಿಸಲು ಕನಿಷ್ಠ ಒಂದು ಗಂಟೆ ಬೇಕು, ಅವಸರ ಮಾಡಿದರೆ ಮೈ ಕೆಂಪೇರಿ ತುರಿಕೆ ಬರುತ್ತದೆ. ಮುಂದಿನ ಶಿಫ್ಟಿನ ರೋಗಿ ಬಾಗಿಲಲ್ಲಿ ಕಾಯುತ್ತಿರುವಾಗ ಆ ಒಂದು ಗಂಟೆ ಮಂಚ ಬಿಟ್ಟುಕೊಡುವವರು ಯಾರು? ಆದ್ದರಿಂದ ಕೊನೆಯ ಗಂಟೆಯಲ್ಲಿಯೇ ಔಷಧಿ ಹಾಕಿ ಮುಗಿಸುವುದು ಸಾಮಾನ್ಯ. ಡೋಸ್ ಮಾತ್ರ ಡಯಾಲಿಸಿಸ್ ಮುಗಿದ ಮೇಲಿನ ಲೆಕ್ಕದ್ದೇ ಆಗಿರುತ್ತದೆ, ಇಲ್ಲವೇ ಯಾವ ಲೆಕ್ಕದ್ದೂ ಅಲ್ಲದ ‘ಒಂದು ಗ್ರಾಂ’ ಆಗಿರುತ್ತದೆ. ಒಂದು ಗ್ರಾಂ ಎಂದರೆ 40 ಕಿಲೋ ತೂಗುವ ಹೆಂಗಸಿಗೆ ಕಿಲೋಗೆ 25 ಮಿಲಿಗ್ರಾಂ, 75 ಕಿಲೋದ ಗಂಡಸಿಗೆ ಬರೀ 13. ಬಾಟಲಿಯ ಅಳತೆಯೇ ಡೋಸ್ ಆಗಿಬಿಡುವ ಈ ಅಭ್ಯಾಸವನ್ನು ಮೊದಲು ಬಿಡಬೇಕು. ಮಟ್ಟ ಅಳೆಯುವ ಮಾತು ಆಮೇಲಿನದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾರ್ಗಸೂಚಿಯ ಅಂಕಿಗಳೆಲ್ಲ ವಾರಕ್ಕೆ ಮೂರು ಡಯಾಲಿಸಿಸ್ ಎಂದು ಭಾವಿಸಿ ಹಾಕಿದವು. ಅಂದರೆ ಎರಡು ಡಯಾಲಿಸಿಸ್ ನಡುವೆ ಸಾಮಾನ್ಯವಾಗಿ 48 ಗಂಟೆ, ವಾರದಲ್ಲೊಮ್ಮೆ 72. ಸೋಮವಾರ–ಗುರುವಾರ ಬರುವವರಿಗೆ ಅದು 72 ಮತ್ತು 96 ಗಂಟೆ. ಔಷಧಿ ಹಾಕಿ ಸ್ಥಿರವಾದ ಮೇಲೆ ಮಟ್ಟ 25 ಇತ್ತು ಎಂದಿಟ್ಟುಕೊಳ್ಳಿ. ಮೂತ್ರ ಪೂರ್ತಿ ನಿಂತವರಲ್ಲಿ ಅದು ಅರ್ಧಕ್ಕಿಳಿಯಲು 120 ಗಂಟೆ ಬೇಕೆಂದು ಹಿಡಿದರೆ, 48 ಗಂಟೆಗೆ 19, 72 ಗಂಟೆಗೆ 16.5, 96 ಗಂಟೆಗೆ 14.4. ಅಷ್ಟೇನೂ ಕೆಡುಕಿಲ್ಲ. ಆದರೆ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ಹೇಗೋ ನಿಭಾಯಿಸುತ್ತಿರುವವರಲ್ಲಿ ಹಲವರಿಗೆ ದಿನಕ್ಕೆ ಅರ್ಧ ಲೀಟರೋ ಅದಕ್ಕಿಂತ ಹೆಚ್ಚೋ ಮೂತ್ರ ಹೋಗುತ್ತಿರುತ್ತದೆ. ನಿಭಾಯಿಸಲು ಸಾಧ್ಯವಾಗುತ್ತಿರುವುದೂ ಅದರಿಂದಲೇ. ಉಳಿದ ಕಿಡ್ನಿ ಔಷಧಿಯನ್ನೂ ಹೊರಹಾಕುತ್ತದೆ. ಅಂಥವರಲ್ಲಿ ಅರ್ಧಕ್ಕಿಳಿಯುವ ಅವಧಿ 72 ಗಂಟೆ ಎಂದರೆ, ಅದೇ 25 ಎಂಬುದು 96 ಗಂಟೆಗೆ 10ಕ್ಕಿಂತ ಕೆಳಗೆ ಬಂದಿರುತ್ತದೆ. ಗುರುವಾರದ ಡೋಸ್ ಶನಿವಾರದ ಹೊತ್ತಿಗೆ ಸರಿಯಾಗಿಯೇ ಇದ್ದು, ಭಾನುವಾರ ರಾತ್ರಿ ಮನೆಯಲ್ಲಿ ಮತ್ತೆ ಚಳಿಜ್ವರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಇದು ಉದಾಹರಣೆಯ ಲೆಕ್ಕ, ರೋಗಿಯಿಂದ ರೋಗಿಗೆ ಅವಧಿ ಬದಲಾಗುತ್ತದೆ. ಅಳೆದು ನೋಡಬೇಕೆನ್ನುವುದಕ್ಕೆ ಕಾರಣವೂ ಆ ಬದಲಾವಣೆಯೇ. ನನ್ನ ಅಭಿಪ್ರಾಯದಲ್ಲಿ, ವಾರಕ್ಕೆರಡರ ರೋಗಿಯಲ್ಲಿ ಮೊದಲ ಮಟ್ಟವನ್ನು ಉದ್ದನೆಯ ಅಂತರದ ಕೊನೆಯಲ್ಲಿ ನೋಡಬೇಕು. ಚಿಕ್ಕ ಅಂತರದ ಕೊನೆಯ ‘18’ ಸುಳ್ಳು ಧೈರ್ಯ ಕೊಡುತ್ತದೆ.

ಅಂಕಿ ತಪ್ಪುವ ದಾರಿಗಳು ಇನ್ನೂ ಇವೆ. ಮೊದಲು, ಇಂಥ ಸೋಂಕಿಗೆ ಕೊಡುವ ಇನ್ನೊಂದು ಆ್ಯಂಟಿಬಯಾಟಿಕ್ ಜೆಂಟಾಮೈಸಿನ್‌ನದು. ಕ್ಯಾಥೆಟರ್ ಕಟ್ಟಿಕೊಳ್ಳದಂತೆ, ಸೋಂಕಾಗದಂತೆ ಅದರೊಳಗೆ ಹೆಪಾರಿನ್ ಜೊತೆ ಜೆಂಟಾಮೈಸಿನ್ ತುಂಬಿಡುವ ಪದ್ಧತಿ ಕೆಲವೆಡೆ ಇದೆ. ಆ ದ್ರವವನ್ನು ಎಳೆದು ಚೆಲ್ಲದೆ ಸ್ಯಾಂಪಲ್ ತೆಗೆದರೆ ಬರುವ ಜೆಂಟಾಮೈಸಿನ್ ಮಟ್ಟ ಪೈಪಿನದು, ರೋಗಿಯದಲ್ಲ. ಪಿಪೆರಾಸಿಲಿನ್ ಎಂಬ ಆ್ಯಂಟಿಬಯಾಟಿಕ್ ಸಹ ನಡೆಯುತ್ತಿದ್ದರೆ ಇನ್ನೊಂದು ತೊಡಕು: ಅದು ಜೆಂಟಾಮೈಸಿನ್ನನ್ನು ನಿಷ್ಕ್ರಿಯಗೊಳಿಸುತ್ತದೆ. ಕಿಡ್ನಿ ಹೋದವರ ದೇಹದೊಳಗೂ ಹೌದು, ಟ್ಯೂಬಿನಲ್ಲಿ ಕುಳಿತಿರುವಾಗಲೂ ಹೌದು. ಬೆಳಿಗ್ಗೆ ತೆಗೆದ ರಕ್ತ ಕಲೆಕ್ಷನ್ ಸೆಂಟರಿನ ಡಬ್ಬಿಯಲ್ಲಿ ಬೆಚ್ಚಗೆ ಕುಳಿತು ಸಂಜೆ ಊರಾಚೆಯ ಲ್ಯಾಬು ಸೇರಿದರೆ, ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಅದನ್ನು ನಂಬಿ ಡೋಸ್ ಏರಿಸಿದರೆ ಒಳಗಿವಿಗೆ ಪೆಟ್ಟು. ಜೆಂಟಾಮೈಸಿನ್ ಕೆಡಿಸುವುದು ಕಿವಿಯ ಕೇಳ್ಮೆಗಿಂತ ಹೆಚ್ಚಾಗಿ ದೇಹದ ಸಮತೋಲನವನ್ನು. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಓಲಾಡುವುದು ‘ಡಯಾಲಿಸಿಸ್ ಸುಸ್ತು’ ಎಂದು ಎಷ್ಟೋ ಮನೆಗಳಲ್ಲಿ ಮುಚ್ಚಿಹೋಗುತ್ತದೆ.

ವ್ಯಾಂಕೋಮೈಸಿನ್‌ನದು ಇದಕ್ಕೆ ತಿರುಗುಮುರುಗು. ದೇಹದ ಬಿಸಿಯಲ್ಲಿ ಅದು ಮೆಲ್ಲಗೆ ಒಡೆದು ಸಿಡಿಪಿ-1 ಎಂಬ, ರೋಗಾಣುವಿನ ಮೇಲೆ ಪರಿಣಾಮವಿಲ್ಲದ ವಸ್ತುವಾಗುತ್ತದೆ. ಕಿಡ್ನಿ ಚೆನ್ನಾಗಿದ್ದವರಲ್ಲಿ ಹಾಗೆ ಒಡೆಯುವಷ್ಟು ಹೊತ್ತು ಔಷಧಿ ಉಳಿಯುವುದಿಲ್ಲ, ಡಯಾಲಿಸಿಸ್ ರೋಗಿಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಲ್ಯಾಬಿನ ಹಳೆಯ ಇಮ್ಯುನೊಅಸ್ಸೆ ಪರೀಕ್ಷೆಗಳು ಎರಡನ್ನೂ ಒಂದೇ ಎಂದು ಎಣಿಸಿ ಹೆಚ್ಚಿನ ಅಂಕಿ ಕೊಡುತ್ತಿದ್ದವು. ಹೊಸ ವಿಧಾನಗಳಲ್ಲಿ ಈ ದೋಷ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೂ ಲ್ಯಾಬು ಬದಲಿಸಿದಾಗ ಅಂಕಿ ಹಾರಿದರೆ ವಿಧಾನ ಯಾವುದೆಂದು ವಿಚಾರಿಸುವುದು ಒಳ್ಳೆಯದು.

ಎಲ್ಲ ಔಷಧಿಗೂ ಈ ಕಸರತ್ತು ಬೇಡ. ಕಲ್ಚರಿನಲ್ಲಿ ಸಾಮಾನ್ಯ ಸ್ಟ್ಯಾಫಿಲೊಕಾಕಸ್ ಬಂದು, ಅದು ಸೆಫಜೋಲಿನ್‌ಗೆ ಬಗ್ಗುವುದಾದರೆ, ವ್ಯಾಂಕೋಮೈಸಿನ್ ನಿಲ್ಲಿಸಿ ಅದಕ್ಕೆ ಹೋಗುವುದು ಮೇಲು: ವಾರಕ್ಕೆ ಮೂರು ಡಯಾಲಿಸಿಸ್ ಇದ್ದಲ್ಲಿ ಪ್ರತಿ ಸಲ ಮುಗಿದ ಮೇಲೆ 2 ಗ್ರಾಂ, ಉದ್ದನೆಯ ಅಂತರದ ಮುಂಚೆ 3 ಗ್ರಾಂ, ಮಟ್ಟ ನೋಡುವ ಗೋಜೇ ಇಲ್ಲ. 96 ಗಂಟೆಯ ಅಂತರಕ್ಕೆ ಮಾತ್ರ ಆ ಲೆಕ್ಕವನ್ನು ಕಣ್ಣುಮುಚ್ಚಿ ಒಯ್ಯುವಂತಿಲ್ಲ.

ಲ್ಯಾಬಿನ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಸ್ಯಾಂಪಲ್ ಬಂದ ಹೊತ್ತು ಮಾತ್ರ. ಕೊನೆಯ ಡಯಾಲಿಸಿಸ್ ಮುಗಿದದ್ದು ಎಂದು, ಎಷ್ಟು ಗಂಟೆಗೆ; ಕೊನೆಯ ಡೋಸ್ ಎಷ್ಟು ಮಿಲಿಗ್ರಾಂ, ಯಾವಾಗ; ರಕ್ತ ತೆಗೆದದ್ದು ಕೈಯಿಂದಲೋ ಕ್ಯಾಥೆಟರಿನಿಂದಲೋ; ದಿನಕ್ಕೆ ಮೂತ್ರ ಎಷ್ಟು. ಇವಿಷ್ಟಿಲ್ಲದೆ 14 ಎಂಬ ಅಂಕಿಗೆ ಅರ್ಥ ಕಟ್ಟಲು ಯಾವ ತಜ್ಞರಿಗೂ ಆಗದು. ರೋಗಿಯ ಮನೆಯವರಲ್ಲಿ ಒಂದು ವಿನಂತಿ: ಪ್ರತಿ ಡಯಾಲಿಸಿಸ್‌ನ ತೂಕ, ಬಿಪಿ ಬರೆಯುವ ಪುಸ್ತಕ ನಿಮ್ಮ ಕೈಯಲ್ಲೇ ಇರುತ್ತದೆ. ಆ್ಯಂಟಿಬಯಾಟಿಕ್ ಹಾಕಿದ ದಿನ ಅದರ ಹೆಸರು, ಪ್ರಮಾಣ, ಶುರುವಾದ ಮತ್ತು ಮುಗಿದ ಗಂಟೆಯನ್ನು ಅದರಲ್ಲೇ ಬರೆಸಿಕೊಂಡು, ರಕ್ತ ಪರೀಕ್ಷೆಗೆ ಕೊಡುವಾಗ ಆ ಪುಟವನ್ನು ತೋರಿಸಿ.