ನಾಯಿಮರಿಯ ಮೊದಲ ಹದಿನಾರು ವಾರ

ನಾಯಿಮರಿಗಳ ಪಾಲಿಗೆ 1978 ಕೆಟ್ಟ ವರ್ಷ. ಬೆಕ್ಕಿನ ವೈರಸ್ಸಿಗೆ ಹತ್ತಿರದ ನಂಟಿರುವ ಪಾರ್ವೊ ವೈರಸ್ ಆಗ ನಾಯಿಗಳಲ್ಲಿ ಕಾಣಿಸಿಕೊಂಡು, ಎರಡೇ ವರ್ಷದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಎಂಬತ್ತರ ದಶಕದ ಆರಂಭದಲ್ಲೇ ಮದರಾಸಿನ ಪಶುವೈದ್ಯರು ಅದನ್ನು ಗುರುತಿಸಿದ್ದರು. ಮೊದಮೊದಲು ಬೆಕ್ಕಿನ ಲಸಿಕೆಯನ್ನೇ ನಾಯಿಗೂ ಕೊಟ್ಟು ನೋಡಲಾಯಿತು. ಬಳಿಕ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀಲಂಡ್ ಕಾರ್ಮೈಕೇಲ್ ಮತ್ತು ಮ್ಯಾಕ್ಸ್ ಆಪೆಲ್ ನಾಯಿಗೆಂದೇ ಲಸಿಕೆ ರೂಪಿಸಿದರು.

ಅದಕ್ಕೂ ಹಳೆಯ ಮಾರಿ ಡಿಸ್ಟೆಂಪರ್. ಅದಕ್ಕೆ ವೈರಸ್ ಕಾರಣವೆಂದು ಫ್ರಾನ್ಸಿನ ಆಂರಿ ಕಾರೆ ತೋರಿಸಿದ್ದು 1905ರಲ್ಲಿ. ಇಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಲೇಡ್ಲಾ ಮತ್ತು ಡಂಕಿನ್ ಲಸಿಕೆ ಕಂಡುಹಿಡಿದರು. ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು, ಜ್ವರ, ಗಟ್ಟಿಯಾದ ಅಂಗಾಲು, ಕೊನೆಗೆ ಸೆಳವು: ಇವು ಅದರ ಗುರುತು. ಇದು ನಾಯಿಗಷ್ಟೇ ಸೀಮಿತವಲ್ಲ. 2018ರಲ್ಲಿ ಗಿರ್ ಕಾಡಿನ ಸಿಂಹಗಳೂ ಇದೇ ವೈರಸ್ಸಿಗೆ ಬಲಿಯಾದವು.

ಲಸಿಕೆ ಬಂದರೂ ಮರಿಗಳು ಸಾಯುತ್ತಲೇ ಇದ್ದವು. ಏಕೆ? ಹುಟ್ಟಿದ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ರಕ್ಷಣೆ ಸಿಗುತ್ತದೆ. ಅದೇ ರಕ್ಷಣೆ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ವಾರಗಳು ಕಳೆದಂತೆ ಅದು ಕರಗುತ್ತದೆ, ಆದರೆ ಒಂದು ಮರಿಗೆ ಆರು ವಾರಕ್ಕೆ, ಇನ್ನೊಂದಕ್ಕೆ ಹದಿನಾಲ್ಕಕ್ಕೆ. ಡಿಸ್ಟೆಂಪರ್ ವಿಷಯದಲ್ಲಿ ಈ ಲೆಕ್ಕವನ್ನು ಐವತ್ತರ ದಶಕದಲ್ಲೇ ಕಾರ್ನೆಲ್‌ನ ಜೇಮ್ಸ್ ಬೇಕರ್ ಮತ್ತು ಸಂಗಡಿಗರು ಬಿಡಿಸಿ ತೋರಿಸಿದ್ದರು. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಚುಚ್ಚುಮದ್ದು ಕೊಡಿಸಬೇಕು ಎನ್ನುವುದರ ಹಿಂದಿರುವುದು ಇದೇ. ಒಂದೇ ಡೋಸಿಗೆ ನಿಲ್ಲಿಸಿದ ಮಾಲೀಕರು ತಮಗೆ ತಿಳಿಯದೆಯೇ ಮರಿಯನ್ನು ಅಪಾಯಕ್ಕೆ ಒಡ್ಡುತ್ತಾರೆ.

ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಈ ಲೆಕ್ಕಕ್ಕೆ ತುಂಬ ಬೆಲೆಯಿದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಕುಟುಂಬಗಳು ಮುಧೋಳ ನಾಯಿಯ ಮರಿಗಳನ್ನು ಮಾರಿ ಬದುಕುತ್ತವೆ. ಮಹಾರಾಷ್ಟ್ರದಲ್ಲಿ ಇದೇ ತಳಿಗೆ ಕಾರವಾನ್ ಎಂಬ ಹೆಸರೂ ಉಂಟು. 2016ರಲ್ಲಿ ಸೇನೆಯೂ ಇಲ್ಲಿನ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು. ತಾಯಿಯ ರಕ್ಷಣೆ ಇಳಿಯುವ ವಯಸ್ಸಿನಲ್ಲೇ ಮರಿ ಹೊಸ ಊರಿಗೆ ಹೋಗುವುದರಿಂದ, ಚುಚ್ಚುಮದ್ದು ತಪ್ಪದಂತೆ ನೋಡಿಕೊಳ್ಳಲು ಮುಧೋಳ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ನೆಲೆ ಇನ್ನಷ್ಟು ಊರುಗಳಿಗೆ ಬೇಕು.

ವಾಂತಿ, ದುರ್ವಾಸನೆಯ ರಕ್ತಭೇದಿ, ಊಟ ಬಿಟ್ಟು ಮುದುಡಿ ಮಲಗುವುದು ಪಾರ್ವೊ ಲಕ್ಷಣ. ನೀರಿನಂಶ ಬತ್ತಿಯೇ ಮರಿ ಸಾಯುವುದು ಹೆಚ್ಚು. ಅಂದೇ ಡ್ರಿಪ್ ಹಾಕಿಸಿದರೆ ಉಳಿಯುವ ಆಸೆಯಿದೆ. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸೋಪಿಗೆ ಜಗ್ಗದು. ಸತ್ತ ಮರಿಯಿದ್ದ ಜಾಗವನ್ನು ಬ್ಲೀಚ್ ಹಾಕಿ ತೊಳೆಯದೆ ಮತ್ತೊಂದನ್ನು ತರಬಾರದು.

ಜಂತುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಅಂಟುತ್ತದೆ. ಎರಡನೆಯ ವಾರದಿಂದಲೇ ಔಷಧಿ ಬೇಕು. ಉಣ್ಣಿ ಕಚ್ಚುವುದರಿಂದ ಬರುವ ಜ್ವರವೂ ನಮ್ಮ ನೆಲದ ಹಳೆಯ ರೋಗ: ಅದರ ಒಂದು ರೋಗಾಣುವನ್ನು ಸಂಶೋಧಕ ಪ್ಯಾಟನ್ 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲೇ ಕಂಡಿದ್ದರು. ಒಸಡು ಬಿಳಿಚಿಕೊಂಡ ಮರಿಯ ರಕ್ತ ಪರೀಕ್ಷೆ ತಪ್ಪಿಸಬಾರದು.

ಉಳಿದದ್ದು ರೇಬೀಸ್. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು. ಮರಿ ಕಚ್ಚಿದರೆ ಏನೂ ಆಗದು ಎಂಬ ನಂಬಿಕೆ ಇನ್ನೂ ಜೀವ ತೆಗೆಯುತ್ತಿದೆ. ಮನುಷ್ಯರ ರೇಬೀಸ್ ಪ್ರಕರಣಗಳನ್ನು ವರದಿ ಮಾಡುವುದನ್ನು ಕರ್ನಾಟಕ 2022ರಲ್ಲಿ ಕಡ್ಡಾಯಗೊಳಿಸಿದೆ. ಮರಿಯ ಹಲ್ಲು ತಾಗಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.